ಬಾಯಲ್ಲಿ ಬೂಷ್ಟು, ಬಾಯಿ ಬಿಡಲು ನಾಚಿಕೆ

ಮಳೆಗಾಲದಲ್ಲಿ ಕಾಡುವ ‘ಥ್ರಷ್’ ಕೊಳಕಿನಿಂದ ಬರುವುದಲ್ಲ, ಎಲುಬು ಕರಗುವುದೂ ಅಲ್ಲ

ಮಾನಂದವಾಡಿ: ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ವಯನಾಡಿನಲ್ಲಿ ಎಲ್ಲಕ್ಕೂ ಬೂಷ್ಟು. ಬೆಲ್ಲದ ಡಬ್ಬಿ, ಚರ್ಮದ ಚಪ್ಪಲಿ, ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ, ಗೋಡೆಯ ಮೂಲೆ ಯಾವುದನ್ನೂ ಅದು ಬಿಡುವುದಿಲ್ಲ. ಹೆಂಗಸರು ಅದನ್ನೆಲ್ಲ ಒರೆಸಿ, ಒಲೆಯ ಹತ್ತಿರ ಇಟ್ಟು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಆದರೆ ಆ ಬೂಷ್ಟಿನ ದೂರದ ನೆಂಟನೊಂದು ಎರಡು ತಿಂಗಳ ಕೂಸಿನ ನಾಲಿಗೆ ಮೇಲೆ ಬೆಳ್ಳಗೆ ಕೂತಾಗ ಮನೆಯವರಿಗೆ ಗಾಬರಿ. ಅದೇ ನೆಂಟ ಕೂಸಿನ ತಾಯಿಯ ಮೈಯಲ್ಲಿ ಕಾಣಿಸಿಕೊಂಡರೆ ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ. ತಾಯಿಯೂ ಎತ್ತುವುದಿಲ್ಲ.

ಡಾಕ್ಟರುಗಳು ಇದನ್ನು ಥ್ರಷ್ ಅಥವಾ ಕ್ಯಾಂಡಿಡಿಯಾಸಿಸ್ ಎನ್ನುತ್ತಾರೆ. ಕ್ಯಾಂಡಿಡಾ ಎಂಬ ಯೀಸ್ಟ್ ಇದಕ್ಕೆ ಕಾರಣ. ಅದರಲ್ಲೂ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಜಾತಿಯದೇ ಹೆಚ್ಚು. ಯೀಸ್ಟ್ ಎಂದರೆ ಬರಿಗಣ್ಣಿಗೆ ಕಾಣದ, ಒಂದೇ ಕೋಶದ ಶಿಲೀಂಧ್ರ. ಕೇರಳದ ಮನೆಗಳಲ್ಲಿ ಕಳ್ಳು ಹಾಕಿ ಅಪ್ಪದ ಹಿಟ್ಟು ಉಬ್ಬಿಸುತ್ತಾರಲ್ಲ, ಆ ಕೆಲಸ ಮಾಡುವುದೂ ಯೀಸ್ಟೇ. ಅದು ಬೇರೆ ಜಾತಿ, ನಿರುಪದ್ರವಿ. ಇದು ಇನ್ನೊಂದು ಜಾತಿ.

ಈ ಕ್ಯಾಂಡಿಡಾ ಹೊರಗಿನಿಂದ ದಾಳಿ ಮಾಡುವ ರೋಗಾಣು ಅಲ್ಲ ಎನ್ನುವುದನ್ನು ಮೊದಲು ತಿಳಿಯಬೇಕು. ಆರೋಗ್ಯವಂತರಾದ ಎಷ್ಟೋ ಜನರ ಬಾಯಿ, ಕರುಳು, ಹೆಂಗಸರ ಜನನಾಂಗದಲ್ಲಿ ಅದು ಸದಾ ಬಾಡಿಗೆಗೆ ಇರುತ್ತದೆ, ತೊಂದರೆ ಕೊಡುವುದಿಲ್ಲ. ಪಕ್ಕದಲ್ಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದಕ್ಕೆ ಜಾಗ ಬಿಟ್ಟುಕೊಡುವುದಿಲ್ಲ, ದೇಹದ ರೋಗನಿರೋಧಕ ಶಕ್ತಿ ಒಂದು ಕಣ್ಣು ಇಟ್ಟಿರುತ್ತದೆ. ಈ ಕಾವಲು ಸಡಿಲವಾದ ದಿನ ಅದು ಬೇಕಾಬಿಟ್ಟಿ ಬೆಳೆಯುತ್ತದೆ, ಅಷ್ಟೇ. ಆದ್ದರಿಂದ ‘ಇದು ಎಲ್ಲಿಂದ ಅಂಟಿತು’ ಎಂದು ಹುಡುಕುವುದಕ್ಕಿಂತ ‘ಕಾವಲು ಯಾಕೆ ಸಡಿಲವಾಯಿತು’ ಎಂದು ಕೇಳಿಕೊಳ್ಳಬೇಕು.

ಕೂಸಿನ ಬಾಯಿ

ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮಕ್ಕಳಿಗೆ ಥ್ರಷ್ ಬರುವುದು ತೀರಾ ಸಾಮಾನ್ಯ. ಹೆರಿಗೆಯ ದಾರಿಯಲ್ಲೇ ತಾಯಿಯ ಮೈಯ ಯೀಸ್ಟ್ ಮಗುವಿನ ಬಾಯಿ ಸೇರಬಹುದು. ಮಗುವಿನ ಕಾವಲು ಇನ್ನೂ ಬಲಿತಿರುವುದಿಲ್ಲ. ನಾಲಿಗೆ, ಕೆನ್ನೆಯ ಒಳಭಾಗ, ವಸಡಿನ ಮೇಲೆ ಒಡೆದ ಹಾಲಿನ ಚೂರುಗಳಂತೆ ಬಿಳಿ ಪದರ ಕೂರುತ್ತದೆ. ಹಾಲಿನ ಬಿಳಿಗೂ ಇದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಹಾಲಿನದಾದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಸವರಿದರೆ ಹೋಗುತ್ತದೆ. ಥ್ರಷ್ ಸುಲಭಕ್ಕೆ ಬರುವುದಿಲ್ಲ, ಬಲವಂತವಾಗಿ ತೆಗೆದರೆ ಕೆಳಗೆ ಕೆಂಪಗಾಗಿ, ಕೆಲವೊಮ್ಮೆ ರಕ್ತವೂ ಜಿನುಗುತ್ತದೆ. ಮಗು ಹಾಲು ಕುಡಿಯುವಾಗ ಬಾಯಿ ಬಿಟ್ಟು ಬಿಟ್ಟು ಅಳುತ್ತದೆ.

ಇಲ್ಲಿ ಅಜ್ಜಿಯರ ಕೈ ಸುಮ್ಮನಿರುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತಿ ಗಸಗಸ ಉಜ್ಜುವುದು, ಜೇನು ನೆಕ್ಕಿಸುವುದು, ಜೇನಿಗೆ ಬಿಳಿಗಾರ ಕಲಸಿ ಹಚ್ಚುವುದು ಎರಡೂ ರಾಜ್ಯಗಳ ಹಳ್ಳಿಗಳಲ್ಲಿ ಇದ್ದ, ಅಲ್ಲಲ್ಲಿ ಈಗಲೂ ಇರುವ ಪದ್ಧತಿ. ಅಜ್ಜಿಯರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಉಜ್ಜಿದರೆ ಗಾಯವಾಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಬಿಳಿಗಾರವಂತೂ ಎಳೆ ಮಗುವಿನ ಹೊಟ್ಟೆಗೆ ವಿಷ. ಅದರಿಂದ ಮಕ್ಕಳಿಗೆ ಸೆಳೆತ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಡಾಕ್ಟರು ಸಾಮಾನ್ಯವಾಗಿ ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ದ್ರವವನ್ನೋ ನಿಸ್ಟಾಟಿನ್ ಹನಿಯನ್ನೋ ಬರೆಯುತ್ತಾರೆ. ತಾಯಿಯ ಮೊಲೆತೊಟ್ಟು ಕೆಂಪಗಾಗಿ ಉರಿಯುತ್ತಿದ್ದರೆ ಅದನ್ನೂ ಹೇಳಬೇಕು. ಇಬ್ಬರಿಗೂ ಒಟ್ಟಿಗೆ ಔಷಧಿ ಆಗದಿದ್ದರೆ ತಾಯಿಯಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಓಡಾಡುತ್ತಲೇ ಇರುತ್ತದೆ. ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಬಾಟಲಿ, ನಿಪ್ಪಲ್ ಬಳಸುವವರು ದಿನವೂ ಕುದಿಸಬೇಕು.

ಎಲುಬು ಕರಗುವ ಭಯ

ಮಗುವಿನ ವಿಷಯ ಹೇಗೋ ಆಸ್ಪತ್ರೆ ಮುಟ್ಟುತ್ತದೆ. ಮುಟ್ಟದೆ ಉಳಿಯುವುದು ಹೆಂಗಸರದು. ಹೆಂಗಸರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಜನನಾಂಗದ ಥ್ರಷ್ ಆಗುತ್ತದೆ ಎಂಬುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿದ ಲೆಕ್ಕ. ಅಂದರೆ ನಾಲ್ಕು ಜನ ಹೆಂಗಸರಿರುವ ಮನೆಯಲ್ಲಿ ಮೂವರಿಗೆ ಇದರ ಅನುಭವ ಇರುತ್ತದೆ. ನಾಲ್ವರೂ ಒಬ್ಬರಿಗೊಬ್ಬರು ಹೇಳಿಕೊಂಡಿರುವುದಿಲ್ಲ!

ಹೇಳಲು ಮಾತು ಇಲ್ಲವೆಂದಲ್ಲ. ಕನ್ನಡದಲ್ಲಿ ಬಿಳಿ ಸೆರಗು, ಬಿಳಿ ಮುಟ್ಟು ಎನ್ನುತ್ತಾರೆ. ಮಲಯಾಳದಲ್ಲಿ ವೆಳ್ಳಪೋಕ್ಕ್. ಬೆಳಗಾವಿ ಕಡೆಯ ಮರಾಠಿ ಹೆಂಗಸರು ‘ಅಂಗಾವರೂನ್ ಪಾಂಢರೆ ಜಾಣೆ’ ಎನ್ನುತ್ತಾರೆ, ಮೈಯಿಂದ ಬಿಳಿ ಹೋಗುವುದು ಎಂದರ್ಥ. ಮಲಯಾಳದಲ್ಲಿ ಇನ್ನೊಂದು ಹಳೆಯ ಹೆಸರಿದೆ: ಅಸ್ಥಿಯುರುಕ್ಕಂ. ಅಸ್ಥಿ ಉರುಕುವುದು, ಅಂದರೆ ಎಲುಬು ಕರಗುವುದು. ಮೈಯ ಸಾರವೇ ಇಳಿದುಹೋಗುತ್ತಿದೆ, ಅದಕ್ಕೇ ಸೊಂಟನೋವು, ಸುಸ್ತು ಎಂಬ ನಂಬಿಕೆ ಗಡಿಯ ಈಚೆಗೂ ಇದೆ, ಆಚೆಗೂ ಇದೆ.

ಎಲುಬು ಕರಗಿ ಹಾಗೆ ಹೊರಬರುವ ದಾರಿ ದೇಹದಲ್ಲಿ ಇಲ್ಲ. ಸ್ವಲ್ಪ ಬಿಳಿ ಅಥವಾ ನೀರಿನಂಥ ಸ್ರಾವ ಪ್ರಾಯದ ಎಲ್ಲ ಹೆಂಗಸರಿಗೂ ಇರುತ್ತದೆ. ತಿಂಗಳ ನಡುವೆ, ಬಸುರಿಯಲ್ಲಿ ಅದು ಜಾಸ್ತಿಯಾಗುತ್ತದೆ. ಅದು ಕಾಯಿಲೆಯಲ್ಲ. ಥ್ರಷ್ ಆದಾಗ ಸ್ರಾವ ಗಟ್ಟಿಯಾಗಿ, ಒಡೆದ ಹಾಲಿನಂತೆ ಇರುತ್ತದೆ. ವಾಸನೆ ಹೆಚ್ಚಿರುವುದಿಲ್ಲ. ಆದರೆ ತುರಿಕೆ ಮಾತ್ರ ಸಹಿಸಲಾಗದಷ್ಟು, ಮೂತ್ರ ತಾಗಿದರೆ ಉರಿ. ಮೀನಿನ ವಾಸನೆಯ ತೆಳು ಸ್ರಾವವಾದರೆ ಅದು ಬ್ಯಾಕ್ಟೀರಿಯಾದ್ದು. ಹಸಿರು ಹಳದಿ ನೊರೆಯಾದರೆ ಟ್ರೈಕೊಮೊನಾಸ್ ಎಂಬ ಬೇರೊಂದು ಜೀವಿಯದ್ದಿರಬಹುದು. ಥ್ರಷ್‌ನ ಮದ್ದೇ ಬೇರೆ, ಇವೆರಡರ ಮದ್ದೇ ಬೇರೆ. ‘ಬಿಳಿ ಹೋಗುತ್ತೆ’ ಎಂದಷ್ಟೇ ಹೇಳಿ ತಲೆ ತಗ್ಗಿಸಿದರೆ ಎಂಥ ಡಾಕ್ಟರಿಗೂ ಕಷ್ಟವೇ.

ಇನ್ನು ಇದು ಗಂಡನಿಂದ ಬಂತೋ, ಹೆಂಡತಿಯಿಂದ ಬಂತೋ ಎಂಬ ಅನುಮಾನ. ಎಷ್ಟೋ ಮನೆಗಳಲ್ಲಿ ಊಟ ಬಿಟ್ಟು, ಮಾತು ಬಿಟ್ಟು, ತವರಿಗೆ ಹೋಗುವವರೆಗೂ ಈ ಅನುಮಾನ ಬೆಳೆಯುತ್ತದೆ. ಥ್ರಷ್ ಲೈಂಗಿಕ ರೋಗಗಳ ಪಟ್ಟಿಯಲ್ಲಿಲ್ಲ. ಮದುವೆಯಾಗದ ಹುಡುಗಿಯರಿಗೂ ಬರುತ್ತದೆ. ಗಂಡನಿಗೆ ತುರಿಕೆ, ಕೆಂಪು ಇದ್ದರೆ ಮಾತ್ರ ಅವನೂ ತೋರಿಸಿಕೊಂಡರೆ ಸಾಕು. ಇದೊಂದು ಮಾತನ್ನು ಡಾಕ್ಟರ ಬಾಯಿಂದಲೇ ಗಂಡನಿಗೂ ಹೇಳಿಸಿದರೆ ಮನೆಯ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಕಾವಲು ಸಡಿಲವಾಗುವುದು ಯಾಕೆ?

ಮೊದಲ ಆರೋಪಿ ಆ್ಯಂಟಿಬಯೋಟಿಕ್. ಜನನಾಂಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಮೊಸರು ಹೆಪ್ಪುಗಟ್ಟಿಸುವ ಬಳಗದವೇ. ಆ ಜಾಗವನ್ನು ಹುಳಿಯಾಗಿಟ್ಟು ಕಾಯುವುದು ಇವುಗಳ ಕೆಲಸ. ಗಂಟಲು ನೋವಿಗೆ, ಜ್ವರಕ್ಕೆ ನುಂಗಿದ ಆ್ಯಂಟಿಬಯೋಟಿಕ್ ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಇವನ್ನೂ ಕೊಲ್ಲುತ್ತದೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಅದಕ್ಕೆ ಆ ಮಾತ್ರೆ ನಾಟುವುದೇ ಇಲ್ಲ. ಕಾವಲುಗಾರ ಸತ್ತ, ಬಾಡಿಗೆದಾರ ಮನೆ ತುಂಬಾ ಹರಡಿಕೊಂಡ. ತಮಾಷೆಯೆಂದರೆ ಹೀಗೆ ಶುರುವಾದ ತುರಿಕೆಗೆ ಜನ ಮತ್ತೆ ಮೆಡಿಕಲ್ ಶಾಪಿಗೆ ಹೋಗಿ ಇನ್ನೊಂದು ಸ್ಟ್ರಿಪ್ ಆ್ಯಂಟಿಬಯೋಟಿಕ್ ಕೇಳುತ್ತಾರೆ.

ಈಗ ಹಾಗೆ ಕೇಳಿದರೆ ಸಿಗಬಾರದು. ಅನೇಕ ಆ್ಯಂಟಿಬಯೋಟಿಕ್‌ಗಳನ್ನು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಗೆ ಸೇರಿಸಲಾಗಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಕೇರಳ 2018ರಲ್ಲೇ ಇದಕ್ಕೆ ರಾಜ್ಯಮಟ್ಟದ ಯೋಜನೆ ಮಾಡಿತು, 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಯನ್ನೂ ಆರಂಭಿಸಿತು. ಆದರೆ ಗಡಿಯ ಕುಟುಂಬಗಳಿಗೆ ಒಂದು ಹಳೆಯ ಅಭ್ಯಾಸವಿದೆ. ಇಲ್ಲಿ ಸಿಗದಿದ್ದರೆ ಆ ಕಡೆಯ ನೆಂಟರಿಗೆ ಫೋನ್ ಮಾಡಿ ತರಿಸಿಕೊಳ್ಳುವುದು. ಮನೆಯ ಡಬ್ಬಿಯಲ್ಲಿ ಯಾರದೋ ಅರ್ಧ ಉಳಿದ ಕೋರ್ಸ್ ಇದ್ದೇ ಇರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಮಳೆಗಾಲದಲ್ಲಿ ಗದ್ದೆ, ಚರಂಡಿ, ಹಟ್ಟಿ ಕೆಲಸದವರಿಗೆ ಆರೋಗ್ಯ ಇಲಾಖೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುತ್ತದೆ. ಅದೂ ಆ್ಯಂಟಿಬಯೋಟಿಕ್ಕೇ. ಥ್ರಷ್ ಆಗುತ್ತದೆಂದು ಹೆದರಿ ಅದನ್ನು ಬಿಡಬಾರದು. ಇಲಿಜ್ವರ ಜೀವ ತೆಗೆಯುತ್ತದೆ, ಥ್ರಷ್ ತೆಗೆಯುವುದಿಲ್ಲ. ಬಸುರಿಯರು ಮಾತ್ರ ಕೇಳದೆ ಅದನ್ನು ನುಂಗಬಾರದು.

ಎರಡನೆಯದು ಸಕ್ಕರೆ ಕಾಯಿಲೆ. ಯೀಸ್ಟ್‌ಗೆ ಸಕ್ಕರೆ ಎಂದರೆ ಹಬ್ಬ. ರಕ್ತದಲ್ಲಿ ಸಕ್ಕರೆ ಏರಿದರೆ ಎಂಜಲು, ಮೂತ್ರದಲ್ಲೂ ಏರುತ್ತದೆ, ರೋಗನಿರೋಧಕ ಶಕ್ತಿಯೂ ಕುಂದುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ ಎಂದಿತು. ಕೇರಳದಲ್ಲಿ ಅದು ಶೇ. 25.5, ಅಂದರೆ ನಾಲ್ವರಲ್ಲಿ ಒಬ್ಬರು. ಹೀಗಾಗಿ ನಲವತ್ತು ದಾಟಿದ ಹೆಂಗಸಿಗೆ ಮುಲಾಮು ಹಚ್ಚಿದಾಗ ಹೋಗಿ ತಿಂಗಳಲ್ಲಿ ಮತ್ತೆ ತುರಿಕೆ ಬಂತೆಂದರೆ, ಗಂಡಸಿಗೆ ಮುಂದೊಗಲು ಕೆಂಪಗಾಗಿ ಒಡೆಯುತ್ತಿದೆಯೆಂದರೆ, ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಅದು ಮಧುಮೇಹದ ಮಟ್ಟ. ತುರಿಕೆ ತೋರಿಸಲು ಹೋಗಿ ಶುಗರ್ ಗೊತ್ತಾದವರು ಇದ್ದಾರೆ. ನಾಚಿಕೆಯಿಂದ ತೋರಿಸದೆ ಕಾಲು, ಕಣ್ಣಿಗೆ ಬಂದ ಮೇಲೆ ಗೊತ್ತಾದವರೂ ಇದ್ದಾರೆ.

ಶುಗರ್‌ಗೆ ಈಗಾಗಲೇ ಮಾತ್ರೆ ನುಂಗುವವರಿಗೂ ಒಂದು ವಿಷಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್ 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಅಗ್ಗವೂ ಆಗಿ ಬಹಳ ಜನ ನುಂಗುತ್ತಿದ್ದಾರೆ. ಆದರೆ ಸಕ್ಕರೆ ಮೂತ್ರ ಅದೇ ಜಾಗದಲ್ಲಿ ಹಾದುಹೋಗುವುದರಿಂದ ಥ್ರಷ್ ಹೆಚ್ಚು. ಪ್ರತಿ ಬಾರಿ ನೀರಿನಲ್ಲಿ ತೊಳೆದು ಒರೆಸಿಕೊಳ್ಳಬೇಕು. ತುರಿಕೆ ಬಂದರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ಡಾಕ್ಟರಿಗೆ ಹೇಳಬೇಕು.

ಉಳಿದ ಕಾರಣಗಳು ಹಲವು. ಬಸುರಿಯಲ್ಲಿ ಹಾರ್ಮೋನು ಬದಲಾಗುವುದರಿಂದ ಬರುತ್ತದೆ. ದಮ್ಮಿಗೆ ಇನ್‌ಹೇಲರ್ ಎಳೆಯುವವರು ಆಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ಅದರ ಸ್ಟಿರಾಯ್ಡ್ ಗಂಟಲಲ್ಲಿ ಕೂತು ಬಿಳಿ ಬೂಷ್ಟು ಬರುತ್ತದೆ. ರಾತ್ರಿಯೂ ಹಲ್ಲು ಸೆಟ್ಟು ಕಳಚದೆ ಮಲಗುವ ಹಿರಿಯರಿಗೆ ಅಂಗುಳು ಕೆಂಪಗಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಬರುತ್ತದೆ. ಇದ್ಯಾವುದೂ ಇಲ್ಲದ ವಯಸ್ಕರ ಬಾಯಲ್ಲಿ ಥ್ರಷ್ ಬಂದು, ನುಂಗಲು ನೋವು, ತೂಕ ಇಳಿತವೂ ಇದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಅದು ಉಚಿತ, ಗುಟ್ಟಾಗಿಯೂ ಇಡುತ್ತಾರೆ.

ಕೊಳಕಿನಿಂದ ಬರುತ್ತದೆ ಎಂದುಕೊಂಡು ಡೆಟಾಲ್, ಸೋಪು, ಬಿಸಿ ಉಪ್ಪುನೀರು ಹಾಕಿ ಒಳಗೆಲ್ಲ ತೊಳೆಯುವವರಿದ್ದಾರೆ. ಇದರಿಂದ ಚರ್ಮ ಸುಟ್ಟು, ಉಳಿದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ. ಹೊರಗೆ ಬರೀ ನೀರು ಸಾಕು. ಮೊಸರು ಹಚ್ಚಿದರೆ ಹೋಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಊಟದಲ್ಲಿ ಉಣ್ಣಲು ಅಡ್ಡಿಯಿಲ್ಲ. ಇದಕ್ಕಿಂತ ಕೆಟ್ಟದ್ದು ಅಂಗಡಿಯಲ್ಲಿ ‘ತುರಿಕೆಗೆ’ ಎಂದು ಕೇಳಿದರೆ ಸಿಗುವ ಮೂರು ಔಷಧಿ ಬೆರೆಸಿದ ಕ್ರೀಮು. ಅದರಲ್ಲಿರುವ ಸ್ಟಿರಾಯ್ಡ್‌ನಿಂದ ಎರಡು ದಿನದಲ್ಲಿ ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಿರುತ್ತದೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ.

ಮಳೆಯ ಪಾಲೂ ಇದೆ. ತೇವ, ಬಿಸಿ, ಗಾಳಿಯಾಡದ ಜಾಗ ಯೀಸ್ಟ್‌ಗೆ ಇಷ್ಟ. ಪ್ಲಾಸ್ಟಿಕ್ ಹೊದ್ದು ದಿನವಿಡೀ ತೋಟದಲ್ಲಿ ನೆನೆಯುವವರಿಗೆ ತೊಡೆಸಂದು, ಎದೆಯ ಕೆಳಗೆ ಬೇಯುತ್ತದೆ. ಒಳಉಡುಪನ್ನು ಗಂಡಸರ ಕಣ್ಣಿಗೆ ಬೀಳಬಾರದೆಂದು ಸೀರೆಯ ಅಡಿಯಲ್ಲಿ ಒಣಹಾಕುವುದು ಎಲ್ಲ ಮನೆಯ ರೂಢಿ. ಆಷಾಢದಲ್ಲಿ ಅದು ಮೂರು ದಿನವಾದರೂ ಒಣಗುವುದಿಲ್ಲ, ಅರೆ ಒದ್ದೆಯಲ್ಲೇ ಉಡುತ್ತಾರೆ. ಹತ್ತಿಯದು ಉಟ್ಟು, ಒಲೆಯ ಮೇಲಿನ ಹಗ್ಗದಲ್ಲೋ ಇಸ್ತ್ರಿಯಲ್ಲೋ ಪೂರ್ತಿ ಒಣಗಿಸಬೇಕು. ಆದರೆ ಒಂದೇ ಒದ್ದೆ ಬಟ್ಟೆಯಿಂದ ಕಾಯಿಲೆ ಹುಟ್ಟುವುದಿಲ್ಲ, ಬಂದದ್ದು ಬೇಗ ಹೋಗುವುದಿಲ್ಲ ಎನ್ನುವುದೇ ಸರಿ.

ಮಣ್ಣಿನಿಂದ ಬಂದ ಮದ್ದು

ಇದಕ್ಕೆ ಮದ್ದು ಕಂಡುಹಿಡಿದವರು ಇಬ್ಬರು ಹೆಂಗಸರು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಬೇರೆ ಬೇರೆ ಊರಿನಲ್ಲಿದ್ದ ಇಬ್ಬರೂ ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ವರ್ಜೀನಿಯಾದಲ್ಲಿ ಪರಿಚಯದವರ ಹೊಲದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ 1950ರಲ್ಲಿ ನಿಸ್ಟಾಟಿನ್ ತಯಾರಾಯಿತು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ಆ ಹೆಸರು. ಬಂದ ರಾಯಧನ 130 ಲಕ್ಷ ಡಾಲರಿಗೂ ಹೆಚ್ಚು, ಇಬ್ಬರೂ ಅದನ್ನು ವಿಜ್ಞಾನದ ಕೆಲಸಕ್ಕೇ ಬಿಟ್ಟುಕೊಟ್ಟರು.

ಈಗ ಹೆಂಗಸರಿಗೆ ಸಾಮಾನ್ಯವಾಗಿ ಒಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ಒಂದೇ ಸಲ ನುಂಗುವ 150 ಮಿಲಿಗ್ರಾಂ ಫ್ಲುಕೊನಜೋಲ್ ಬರೆಯುತ್ತಾರೆ. ಬಸುರಿಯರು ಫ್ಲುಕೊನಜೋಲ್ ತಾವಾಗಿ ನುಂಗಲೇಬಾರದು. ಹೆಚ್ಚಿನವರಿಗೆ ಒಂದು ವಾರದಲ್ಲಿ ಗುಣವಾಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ ಅದೇ ಚೀಟಿ ತೋರಿಸಿ ಮತ್ತೆ ಕೊಳ್ಳದೆ, ಸ್ರಾವದ ಪರೀಕ್ಷೆಯನ್ನೂ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಬೇಕು.

ಡಾಕ್ಟರ ಮುಂದೆ ಯಾವ ಮಾತು?

ತೋಲ್ಪೆಟ್ಟಿ, ಕಾಟ್ಟಿಕುಳಂ, ಬಾವಲಿ ಕಡೆಯ ಕನ್ನಡ ಮನೆಗಳವರಿಗೆ, ಮೈಸೂರು, ಕೊಡಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಮಾನಂದವಾಡಿಯದು. 2021ರಲ್ಲಿ ಅದು ಮೆಡಿಕಲ್ ಕಾಲೇಜಾಯಿತು. ಎಚ್.ಡಿ. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯವರೂ ತಾಲ್ಲೂಕು ಕೇಂದ್ರಕ್ಕೆ ಕಾಡು ಸುತ್ತಿ ಹೋಗುವ ಬದಲು ಕಬಿನಿ ದಾಟಿ ವಯನಾಡಿಗೇ ಬರುವುದು ಹೊಸತಲ್ಲ. ಮಾತು ಸುಮಾರಾಗಿ ತಿಳಿಯುತ್ತದೆ ಎನ್ನುವುದೇ ಇಲ್ಲಿನ ತೊಡಕು. ಕನ್ನಡದ ಹುಣ್ಣು, ಮಲಯಾಳದ ಪುಣ್ಣ್ ಒಂದೇ ಮಾತು. ಬಾಯಿಯ ಥ್ರಷ್‌ಗೆ ‘ಬಾಯಿ ಹುಣ್ಣು’ ಎಂದರೆ ಕೇಳಿದವರು ಸಾದಾ ಹುಣ್ಣೆಂದುಕೊಂಡು ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸಬಹುದು. ಬಿಳಿ ಬೂಷ್ಟಿಗೆ ಅಲ್ಲಿನ ಮಾತು ಪೂಪ್ಪಲ್. ತುರಿಕೆಗೆ ಚೊರಿಚ್ಚಿಲ್, ಉರಿಗೆ ಪುಕಚ್ಚಿಲ್. ಎಷ್ಟು ದಿನದಿಂದ, ಇತ್ತೀಚೆಗೆ ಯಾವ ಮಾತ್ರೆ ನುಂಗಿದ್ದು, ಬಸುರಿಯೇ, ಶುಗರ್ ಇದೆಯೇ ಎಂಬ ನಾಲ್ಕು ವಿಷಯ ಜೊತೆಗೆ ಹೇಳಿದರೆ ಡಾಕ್ಟರಿಗೆ ದಾರಿ ಸಿಗುತ್ತದೆ. ಗಂಡ, ಮೈದುನನ ಮುಂದೆ ಹೇಳಲಾಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು.

ಔಷಧಿ ಕೊಡುವ ಕಿಟಕಿಯಲ್ಲೂ ಗಮನ ಬೇಕು. ‘ಮೂನ್ನು ನೇರಂ’ ಎಂದರೆ ನೇರವಾಗಿ ಮೂರು ನುಂಗುವುದಲ್ಲ, ದಿನಕ್ಕೆ ಮೂರು ಹೊತ್ತು. ‘ಅಕತ್ತು ವೆಕ್ಕಾನ್’ ಎಂದರೆ ಒಳಗೆ ಇಡುವುದು. ಕ್ಲೋಟ್ರಿಮಜೋಲ್ ಮಾತ್ರೆ ನೋಡಲು ಸಾದಾ ಮಾತ್ರೆಯಂತೆಯೇ ಇರುವುದರಿಂದ, ‘ಒಳಗೆ’ ಎಂದದ್ದನ್ನು ಹೊಟ್ಟೆಯೊಳಗೆ ಎಂದು ತಿಳಿದು ನೀರಿನ ಜೊತೆ ನುಂಗಿಬಿಡುವವರಿದ್ದಾರೆ. ಅದು ರಾತ್ರಿ ಮಲಗುವ ಮುಂಚೆ ಜನನಾಂಗದ ಒಳಗೆ ಇಡುವ ಮಾತ್ರೆ, ಒಂದೋ ಆರೋ ಎಷ್ಟು ರಾತ್ರಿ ಎಂಬುದು ಅದರ ಬಲದ ಮೇಲೆ. ಗೊತ್ತಾಗದಿದ್ದರೆ ಮಾತ್ರೆಯ ಕವರಿನ ಮೇಲೆಯೇ ‘ಇಡುವುದು’, ‘ನುಂಗುವುದು’ ಎಂದು ಕನ್ನಡದಲ್ಲಿ ಅಲ್ಲೇ ನಿಂತು ಬರೆದುಕೊಂಡು ಬರಬೇಕು.